ಮೈಕ್ ಹಿಡಿದ ದೊಡ್ಡಮ್ಮ, ಬೆನ್ನು ತೋರಿಸಿದ ದೊಡ್ಡಪ್ಪ

ನಮ್ಮ ದೊಡ್ಡಮ್ಮನಿಗೆ ಸಮುದ್ರ ಕಂಡರೆ ಆಗುತ್ತಿರಲಿಲ್ಲ. ಉಪ್ಪುಗಾಳಿಗೆ ಕೂದಲು ಅಂಟಂಟಾಗುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ, ಒಣಗಿದರೂ ರಟ್ಟಿನ ಹಾಗೆ ಸೆಟೆದು ನಿಲ್ಲುತ್ತದೆ ಎಂದು ಅವಳ ದೂರು. ಅಲೆ ಎಂದರೆ ಕೆಲಸವಿಲ್ಲದ ನೀರಿನ ಓಡಾಟ ಎನ್ನುತ್ತಿದ್ದಳು. ಇಂಥವಳು ತನ್ನ ಅರ್ಧ ಆಯಸ್ಸನ್ನು ಹಡಗಿನ ಮೇಲೆ ಕಳೆದಳು. ಅದೂ ಕಂಡಕಂಡ ಊರಿನವರಿಗೆ ಅದೇ ಸಮುದ್ರವನ್ನು ತೋರಿಸಿ ಕೊಂಡಾಡುವ ಕೆಲಸದಲ್ಲಿ.

ಹಡಗು ದೊಡ್ಡದೇನಲ್ಲ. ಮಲಗುವುದಕ್ಕೆ ಹದಿನಾಲ್ಕು ಕೋಣೆ, ಉಣ್ಣುವುದಕ್ಕೆ ಒಂದು ಉದ್ದನೆಯ ಕೋಣೆ, ಮೇಲೆ ಕುರ್ಚಿ ಹಾಕಿದ ಡೆಕ್ಕು. ಬೇಸಿಗೆಯುದ್ದಕ್ಕೂ ಪ್ರವಾಸಿಗಳನ್ನು ತುಂಬಿಕೊಂಡು ಕರಾವಳಿಯ ದ್ವೀಪಗಳ ನಡುವೆ ನಾಲ್ಕು ದಿನ ಸುತ್ತಿ ಬರುತ್ತಿತ್ತು. ಹಗಲು ಸಂಚಾರ, ಸಂಜೆಯಾದರೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು. ಹಿಂದೆ ಈರುಳ್ಳಿ ಸಾಗಿಸುತ್ತಿದ್ದ ಸರಕು ದೋಣಿಯದು. ಎಷ್ಟು ಬಣ್ಣ ಬಳಿದರೂ ಕೆಳಗಿನ ಕೋಣೆಗಳಲ್ಲಿ ಮಲಗಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ಮಾಲೀಕರು ಜಾಹೀರಾತಿನಲ್ಲಿ ಅದನ್ನು ‘ಕಡಲ ಹಂಸ’ ಎಂದು ಕರೆಯುತ್ತಿದ್ದರು. ಅದು ನೀರಿನ ಮೇಲೆ ಹೋಗುವ ವೈಖರಿಯನ್ನು ನೋಡಿ ಕೆಲಸಗಾರರೆಲ್ಲ ಬಾತುಕೋಳಿ ಎನ್ನುತ್ತಿದ್ದರು. ನಾನು ಅದರ ಅಡುಗೆಕೋಣೆಯಲ್ಲಿ ಆಲೂಗಡ್ಡೆ ಸುಲಿಯಲು ಸೇರಿದ್ದೆ. ಸೇರಿಸಿದ್ದು ದೊಡ್ಡಮ್ಮನೇ. ಆದ್ದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನದು ನಾನೇ ಕಂಡದ್ದು. ಉಳಿದದ್ದು ಅವಳು ಹೇಳಿದ್ದು, ಅಂದರೆ ಅದರಲ್ಲಿ ಅರ್ಧ ಕಳೆದು ನಂಬಬೇಕಾದದ್ದು.

ದೊಡ್ಡಮ್ಮನಿಗೆ ಮನೆಯಲ್ಲಿ ಎಲ್ಲರೂ ಇಟ್ಟಿದ್ದ ಹೆಸರು ಕಹಳೆ. ಗುಟ್ಟು ಅವಳ ಹೊಟ್ಟೆಯಲ್ಲಿ ಬಿಸಿ ಗಂಜಿಯ ಹಾಗೆ, ಕ್ಷಣ ನಿಲ್ಲುತ್ತಿರಲಿಲ್ಲ. ಯಾರು ಹಲ್ಲು ಕಟ್ಟಿಸಿಕೊಂಡಿದ್ದಾರೆ, ಯಾರು ಕೂದಲಿಗೆ ಬಣ್ಣ ಹಚ್ಚುತ್ತಾರೆ, ಯಾರ ಮಗಳಿಗೆ ಬಂದ ಗಂಡು ಯಾಕೆ ವಾಪಸು ಹೋದ, ಎಲ್ಲವೂ ಅವಳಿಂದ ಬೀದಿಗೆ ಸರಬರಾಜಾಗುತ್ತಿತ್ತು. ಅವಳಲ್ಲಿ ಕೇಡಿರಲಿಲ್ಲ. ಕೆಮ್ಮು ಬಂದರೆ ಕೆಮ್ಮುವ ಹಾಗೆ ಮಾತು ಬಂದರೆ ಆಡುತ್ತಿದ್ದಳು, ಅಷ್ಟೆ.

ದೊಡ್ಡಪ್ಪ ಇದಕ್ಕೆ ಪೂರ್ತಿ ತಿರುವುಮುರುವು. ಬಂದರಿನ ಉಗ್ರಾಣದಲ್ಲಿ ಹಗ್ಗ, ಬಣ್ಣ, ಮೊಳೆ ಕೊಡುವ ಕೆಲಸ. ಏನು ಕೇಳಿದರೂ ‘ನೋಡೋಣ’ ಎಂಬ ಒಂದೇ ಮಾತಿನಲ್ಲಿ ಸಂಸಾರ ಸಾಗಿಸುತ್ತಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ನಮ್ಮ ದೊಡ್ಡಮ್ಮನ ಮನೆಯಲ್ಲಿ ಎರಡೂ ಬೇಕಾದಷ್ಟಿತ್ತು, ನೆಮ್ಮದಿಯೊಂದು ಬಿಟ್ಟು. ಎತ್ತು ಏರಿಗೆ, ಕೋಣ ನೀರಿಗೆ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಕಡೆಗೆ ಕೋಣ ನಿಜವಾಗಿಯೂ ನೀರಿಗೇ ಹೋಯಿತು. ಕರಾವಳಿಯ ಕಟ್ಟಕಡೆಯ ದ್ವೀಪದ ದೀಪಸ್ತಂಭಕ್ಕೆ ಕಾವಲುಗಾರ ಬೇಕಾಗಿದ್ದಾನೆಂದು ತಿಳಿದದ್ದೇ, ದೊಡ್ಡಪ್ಪ ಒಂದು ಪೆಟ್ಟಿಗೆಯಲ್ಲಿ ಅಂಗಿ, ಚಹಾಪುಡಿ, ಕ್ಷೌರದ ಸಾಮಾನು ತುಂಬಿಕೊಂಡು, ಸ್ವಲ್ಪ ದಿನ ಇದ್ದು ಬರುತ್ತೇನೆ ಎಂದು ಹೊರಟರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರಿಗೆ ದೀಪದ ಕೆಲಸವೇ ಸಿಕ್ಕಿತಲ್ಲ ಎಂದು ಊರು ನಕ್ಕಿತು.

ಆ ಸ್ವಲ್ಪ ದಿನ ವರ್ಷಗಳಾಗಿ ಬೆಳೆಯಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ ಬಂದು ಛಾವಣಿ ಸರಿಮಾಡಿ, ಸೋರುವ ನಲ್ಲಿ ಬಿಗಿದು, ಹೆಂಡತಿ ಹೇಳಿದ ಅಷ್ಟೂ ಸುದ್ದಿಗೆ ತಲೆಯಾಡಿಸಿ, ಸಾಮಾನಿನ ದೋಣಿಯಲ್ಲಿ ಮರಳುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ. ಗಂಡ ಓಡಿಹೋದ ಎಂದು ಅಳುವುದಕ್ಕೂ ಆಗದೆ, ಇದ್ದಾನೆ ಎಂದು ಹೇಳಿಕೊಳ್ಳುವುದಕ್ಕೂ ಆಗದೆ ದೊಡ್ಡಮ್ಮ ಉರಿದುಕೊಳ್ಳುತ್ತಿದ್ದಳು. ತನ್ನ ಬಾಯಿಗೆ ಹೆದರಿ ಓಡಿದರು ಎಂದು ಊರೆಲ್ಲ ಆಡಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು. ಮನೆಯಲ್ಲಿ ಗೋಡೆಗೆ ಮಾತಾಡುವುದಕ್ಕಿಂತ ಮೇಲೆಂದು ಬಾತುಕೋಳಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ, ಕೋಣೆ ಗುಡಿಸುವ ಕೆಲಸಕ್ಕೆ ಸೇರಿಕೊಂಡಳು.

ಆಗ ಹಡಗಿನಲ್ಲಿ ದ್ವೀಪಗಳ ವಿಷಯ ಹೇಳಲು ಒಬ್ಬ ಗೈಡ್ ಇದ್ದ. ಸದಾ ಗರಿಗರಿ ಬಟ್ಟೆ ಹಾಕುತ್ತಿದ್ದುದರಿಂದ ಅವನನ್ನು ಎಲ್ಲರೂ ಇಸ್ತ್ರಿ ಎಂದು ಕರೆಯುತ್ತಿದ್ದರು. ಓದಿಕೊಂಡವನು, ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು. ಯಾವ ಬಂಡೆ ಯಾವ ಕಾಲದ್ದು, ಯಾವ ಹಕ್ಕಿ ಎಲ್ಲಿಂದ ಬರುತ್ತದೆ ಎಂದು ಅವನು ಶುರುಮಾಡಿದರೆ ಡೆಕ್ಕಿನ ಮೇಲಿನ ಅರ್ಧ ಜನ ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಗಾಳಿ ಜೋರಾಗಿ ಹಡಗು ಹೊಯ್ದಾಡತೊಡಗಿತು. ಇಸ್ತ್ರಿ ಕಪ್ಪೆಚಿಪ್ಪಿನ ವಿಷಯ ಹೇಳುತ್ತ ಹೇಳುತ್ತ ಬಿಳಿಚಿಕೊಂಡು, ಮೈಕನ್ನು ಆರಿಸುವುದನ್ನೂ ಮರೆತು ಮಧ್ಯಾಹ್ನದ ಊಟವನ್ನು ಹೊರಗೆ ಹಾಕಿದ. ಆ ಸದ್ದು ಹಡಗಿನ ಎಲ್ಲ ಸ್ಪೀಕರುಗಳಲ್ಲೂ ಮೊಳಗಿತು. ಕೇಳಿದ ಇನ್ನೂ ನಾಲ್ಕೈದು ಜನ ಅವನ ದಾರಿಯನ್ನೇ ಹಿಡಿದರು.

ಒರೆಸುವುದಕ್ಕೆ ದೊಡ್ಡಮ್ಮನನ್ನು ಕರೆದರು. ಅವಳು ಬಂದು, ಬಕೆಟ್ ಇಳಿಸಿ, ಬಿದ್ದಿದ್ದ ಮೈಕನ್ನು ಎತ್ತಿ ಒರೆಸಿದಳು. ಒರೆಸಿದ ಮೇಲೆ ಕೆಳಗಿಡಲಿಲ್ಲ.

“ಯಾರೂ ಹೆದರ್ಬೇಡಿ. ನಮ್ ಗೈಡು ಒಳಗಿರೋದನ್ನೆಲ್ಲ ಹೇಳಿ ಮುಗಿಸಿದ್ದಾರೆ,” ಎಂದಳು. “ಎಡಗಡೆ ಕಾಣ್ತಿದ್ಯಲ್ಲ ದ್ವೀಪ, ಅದು ನಮ್ಮತ್ತೆ ಥರ. ದೂರದಿಂದ ನೋಡೋಕೆ ಚೆಂದ. ಹತ್ರ ಹೋದ್ರೆ ಕಾಲಿಡೋಕೆ ಜಾಗ ಇಲ್ಲ.”

ವಾಂತಿ ಮಾಡಿಕೊಳ್ಳುತ್ತಿದ್ದವರೂ ನಕ್ಕರು. ಒಬ್ಬ ಹೆಂಗಸು ಎದ್ದು ಬಂದು, ಆ ಪಕ್ಕದ ದ್ವೀಪ ಯಾರ ಥರ ಎಂದು ಕೇಳಿದಳು. ದೊಡ್ಡಮ್ಮನಿಗೆ ಅಷ್ಟೇ ಸಾಕಾಯಿತು. ಸಂಜೆ ಲಂಗರು ಹಾಕುವವರೆಗೆ ಅವಳ ಕೈಯಿಂದ ಮೈಕ್ ಬಿಡಿಸುವುದು ಯಾರಿಂದಲೂ ಆಗಲಿಲ್ಲ. ಸಾಲಾಗಿ ನಿಂತ ಮೂರು ಬಂಡೆಗಳು ಆಸ್ತಿ ಪಾಲಾದ ಮೇಲೆ ಮಾತುಬಿಟ್ಟ ದಾಯಾದಿಗಳಾದವು. ಬೋಳು ಗುಡ್ಡದ ದ್ವೀಪ ಅವಳ ಚಿಕ್ಕಪ್ಪನ ತಲೆಯಾಯಿತು, ಅದರ ತುದಿಯ ನಾಲ್ಕು ಗಿಡ ಅವರು ಎಡದಿಂದ ಬಲಕ್ಕೆ ಬಾಚಿಕೊಳ್ಳುವ ಕೂದಲಾಯಿತು. ಸಮುದ್ರದ ವಿಷಯವಾಗಿ ಅವಳು ಹೇಳಿದ ಒಂದೇ ಒಂದು ಮಾತೂ ನಿಜವಲ್ಲ. ಕ್ಯಾಪ್ಟನ್ನಿಗೆ ಎಂಜಿನ್ನಿನ ಸದ್ದಿಗೆ ಒಂದು ಕಿವಿ ಹೋಗಿತ್ತು. ಇನ್ನೊಂದು ಕಿವಿಯಿಂದ ಅವರು ಕೇಳಿ, ನಕ್ಕು, ಇಸ್ತ್ರಿಯನ್ನು ಟಿಕೆಟ್ ಕೊಡುವ ಆಫೀಸಿಗೆ ಕಳಿಸುವಂತೆ ಮಾಲೀಕರಿಗೆ ಹೇಳಿದರು. ಇಸ್ತ್ರಿಗೂ ನೆಲದ ಮೇಲಿನ ಕುರ್ಚಿಯೇ ಬೇಕಾಗಿತ್ತು. ಹೀಗೆ ಬಕೆಟ್ ಹಿಡಿದ ಕೈಗೆ ಮೈಕ್ ಬಂತು.

ಪ್ರವಾಸದ ಮೂರನೆಯ ದಿನ ಹಡಗು ದೊಡ್ಡಪ್ಪನ ದ್ವೀಪವನ್ನು ಬಳಸಿಕೊಂಡು ಹೋಗುತ್ತಿತ್ತು. ಬಂಡೆಗಳ ನಡುವಿನ ದಾರಿ ಕಿರಿದು, ಕ್ಯಾಪ್ಟನ್ ಅಲ್ಲಿ ನಿಧಾನವಾಗಿ ಸಾಗುತ್ತಿದ್ದರು. ದೀಪಸ್ತಂಭದ ಬಾಗಿಲು, ಒಣಹಾಕಿದ ಅಂಗಿ, ಮೇಯುವ ಆಡುಗಳು, ಎಲ್ಲವೂ ಡೆಕ್ಕಿನಿಂದ ಕಾಣುವಷ್ಟು ಹತ್ತಿರ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬ ಗಾದೆಯ ಪೂರ್ತಿ ಅರ್ಥ ದೊಡ್ಡಪ್ಪನಿಗೆ ಆದದ್ದು ಆ ದಿನ.

ದೊಡ್ಡಮ್ಮ ಪೀಠಿಕೆ ಹಾಕಲಿಲ್ಲ. ಗಂಡನನ್ನು ಬಯ್ಯುವಾಗಲೂ ಬಹುವಚನ ಬಿಡುವವಳಲ್ಲ ಅವಳು. ಅಲ್ಲಿ ಕಾಣುವುದು ದೀಪಸ್ತಂಭ, ಅದರೊಳಗೆ ಇರುವವರು ನಮ್ಮ ಯಜಮಾನರು, ಲೋಕಕ್ಕೆಲ್ಲ ದಾರಿ ತೋರಿಸುತ್ತಾರೆ, ಮನೆಯ ದಾರಿ ಮಾತ್ರ ಮರೆತಿದ್ದಾರೆ ಎಂದು ಆರಂಭಿಸಿದಳು. ಅವರು ಕಾಲುಚೀಲವನ್ನು ಎಡಬಲ ನೋಡಿ ಹಾಕುವುದು, ಚಹಾ ಆರಿದ ಮೇಲೆ ಊದಿ ಕುಡಿಯುವುದು, ಮದುವೆಯ ಮರುದಿನ ಮಾವನ ಮನೆಯ ಕುರ್ಚಿ ಮುರಿದು ಯಾರಿಗೂ ಹೇಳದೆ ಅದರ ಮೇಲೆಯೇ ಸಂಜೆವರೆಗೆ ಸಮತೋಲ ಮಾಡಿಕೊಂಡು ಕೂತದ್ದು, ಒಂದೂ ಬಿಡಲಿಲ್ಲ. ಸ್ಪೀಕರಿನ ಬಾಯಿ ದಡದ ಕಡೆಗೇ ಇತ್ತು. ಸ್ತಂಭದ ತುದಿಯಲ್ಲಿ ದೀಪದ ಸುತ್ತ ಕಂಬಿ ಕಟ್ಟಿದ ಕಟಾಂಜನದಲ್ಲಿ ಗಾಜು ಒರೆಸುತ್ತಿದ್ದ ದೊಡ್ಡಪ್ಪ ಮೊದಲು ಬೆಚ್ಚಿಬಿದ್ದು, ಆಮೇಲೆ ನಿಧಾನವಾಗಿ ತಿರುಗಿ, ಹಡಗಿಗೆ ಬೆನ್ನು ಹಾಕಿ ನಿಂತರು. ಪ್ರವಾಸಿಗಳು ಆ ಬೆನ್ನಿನ ಫೋಟೋ ಹೊಡೆದುಕೊಂಡರು.

ಅದು ರೂಢಿಯಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು, ಆದರೆ ದೊಡ್ಡಪ್ಪ ಪ್ರತಿ ಸಲ ಹೊರಗೆ ಬಂದು, ಬೆನ್ನು ತೋರಿಸಿ ನಿಂತು, ಹಡಗು ದಾಟಿದ ಮೇಲೆ ಒಳಗೆ ಹೋಗುತ್ತಿದ್ದರು. ಕರಾವಳಿಯ ಯಾವ ಸೂರ್ಯಾಸ್ತಕ್ಕೂ ಅಷ್ಟು ಫೋಟೋ ಬಿದ್ದಿರಲಿಕ್ಕಿಲ್ಲ. ಮಾಲೀಕರು ಆ ಬೆನ್ನಿನ ಪೋಸ್ಟ್‌ಕಾರ್ಡು ಮಾಡಿಸಿ ಉಣ್ಣುವ ಕೋಣೆಯಲ್ಲಿ ಮಾರಾಟಕ್ಕಿಟ್ಟರು.

ಎರಡನೆಯ ಬೇಸಿಗೆಯಲ್ಲಿ ದೊಡ್ಡಪ್ಪ ಉತ್ತರ ಕೊಟ್ಟರು. ಬಿಸಿಲು ಕಣ್ಣು ಕುಕ್ಕುತ್ತಿದ್ದ ದಿನ. ದೊಡ್ಡಮ್ಮ ಯಜಮಾನರ ಗೊರಕೆಯನ್ನು ಮೈಕಿನಲ್ಲಿ ಆಡಿ ತೋರಿಸಲು ಉಸಿರೆಳೆದುಕೊಂಡಳು. ಅಷ್ಟರಲ್ಲಿ ದ್ವೀಪದಿಂದ ಮಂಜಿನ ಕಹಳೆ ಕೂಗಿತು. ದಟ್ಟ ಮಂಜಿನಲ್ಲಿ ಹಡಗುಗಳು ಬಂಡೆಗೆ ಬಡಿಯದಿರಲೆಂದು ಊದುವ ಯಂತ್ರ ಅದು. ಆಡುಗಳು ದಿಕ್ಕಾಪಾಲಾದವು. ದೊಡ್ಡಮ್ಮ ನಿಲ್ಲಿಸಿದಳು, ಕಹಳೆಯೂ ನಿಂತಿತು. ಅವಳು ಬಾಯಿ ತೆರೆದಳು, ಅದು ಮತ್ತೆ ಕೂಗಿತು. ಡೆಕ್ಕಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಪ್ರತಿ ಪ್ರವಾಸದಲ್ಲೂ ಇವರಿಬ್ಬರ ಜುಗಲ್‌ಬಂದಿ ಕೇಳಲೆಂದೇ ಜನ ಬರತೊಡಗಿದರು. ಬಿಸಿಲಿನಲ್ಲಿ ಮಂಜಿನ ಕಹಳೆ ಊದಿದ್ದೇಕೆ ಎಂದು ದೀಪಸ್ತಂಭದ ಇಲಾಖೆ ವಿವರಣೆ ಕೇಳಿತಂತೆ. ಎದುರಿನಿಂದ ಬರುತ್ತಿದ್ದ ಅಪಾಯದ ಬಗ್ಗೆ ಎಚ್ಚರಿಸಲು ಎಂದು ದೊಡ್ಡಪ್ಪ ಬರೆದು ಕಳಿಸಿದರು. ಇಲಾಖೆ ಅದನ್ನು ಒಪ್ಪಿಕೊಂಡಿತು.

ದೊಡ್ಡಮ್ಮನ ಮುಖ ಆ ವರ್ಷಗಳಲ್ಲಿ ಕಳೆಕಳೆಯಾಗಿತ್ತು. ಮೂರನೆಯ ದಿನ ಬೆಳಗಾದರೆ ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಮೈಕಿನಲ್ಲಿ ಬಯ್ಯುವುದಕ್ಕೆ ಯಾಕೆ ತಲೆ ಬಾಚಬೇಕು ಎಂದು ನಾನು ಕೇಳಿದರೆ, ಆಲೂಗಡ್ಡೆ ನೋಡಿಕೋ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಪ್ರವಾಸ. ಹಿಂದಿನ ದಿನವೆಲ್ಲ ಬಿರುಗಾಳಿ ಬೀಸಿ, ಹಡಗು ಕೊಲ್ಲಿಯಲ್ಲೇ ಅಡಗಿ ಕೂತಿತ್ತು. ಮೂರನೆಯ ದಿನ ತಿಳಿಯಾದ ಆಕಾಶ. ದ್ವೀಪ ಹತ್ತಿರವಾಯಿತು. ಪ್ರವಾಸಿಗಳು ಕ್ಯಾಮೆರಾ ಹಿಡಿದು ಎಡಗಡೆಯ ಕಂಬಿಗೆ ಒರಗಿದರು, ಹಡಗು ಆ ಕಡೆಗೆ ವಾಲಿತು. ದೊಡ್ಡಮ್ಮ ಮೊದಲುಮಾಡಿದಳು. ಕಟಾಂಜನ ಖಾಲಿ. ಅವಳು ಕಾಲುಚೀಲದ ಕಥೆ ಹೇಳಿದಳು. ಬೆನ್ನು ಬರಲಿಲ್ಲ. ದನಿ ಏರಿಸಿ ಗೊರಕೆಗೆ ಬಂದಳು. ಕಹಳೆ ಇಲ್ಲ. ಇಂದು ಯಜಮಾನರು ನಿಜವಾಗಿಯೂ ಗೊರಕೆ ಹೊಡೆಯುತ್ತಿರಬೇಕು ಎಂದಳು. ಜನ ನಕ್ಕರು. ಅವಳು ನಗಲಿಲ್ಲ. ನಾನು ಅಡುಗೆಕೋಣೆಯಿಂದ ಕೈಯೊರೆಸಿಕೊಂಡು ಮೇಲೆ ಬಂದು ನೋಡಿದೆ. ಬಟ್ಟೆಯ ಹಗ್ಗ ಹರಿದು ನೇತಾಡುತ್ತಿತ್ತು. ಆಡುಗಳನ್ನು ಹೊರಗೆ ಬಿಟ್ಟಿರಲಿಲ್ಲ.

ದೊಡ್ಡಮ್ಮ ಮೈಕಿನಲ್ಲೇ ಕ್ಯಾಪ್ಟನ್ನರಿಗೆ ಹಡಗು ನಿಲ್ಲಿಸಲು ಹೇಳಿದಳು. ಇಲ್ಲಿ ನಿಲ್ಲಿಸುವ ಹಾಗಿಲ್ಲ, ಬಂಡೆಗಳಿವೆ, ಬಂದರಿಗೆ ಸುದ್ದಿ ಕಳಿಸುತ್ತೇನೆ, ದೋಣಿ ಬರುತ್ತದೆ ಎಂದರು ಅವರು. ದೋಣಿ ಬರುವುದು ನಾಳೆ ಎಂದು ಎಲ್ಲರಿಗೂ ಗೊತ್ತಿತ್ತು. ಅವಳು ವಾದಿಸಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಮೈಕನ್ನು ಕುರ್ಚಿಯ ಮೇಲಿಟ್ಟು, ಹೋಗಿ ರಬ್ಬರ್ ದೋಣಿಯಲ್ಲಿ ಕೂತಳು. ಅದಿನ್ನೂ ಹಡಗಿನ ಪಕ್ಕಕ್ಕೆ ಕಟ್ಟಿ ನೇತಾಡುತ್ತಿತ್ತು. ಈಜು ಬಾರದ ಹೆಂಗಸು ಗಾಳಿಯಲ್ಲಿ ತೂಗಾಡುತ್ತ, ಇಳಿಸ್ತೀರೋ ಅಥವಾ ನಾನೇ ಹಗ್ಗ ಕುಯ್ಯಲೋ ಎಂದು ಕೇಳಿದಳು. ಅವಳ ಕೈಯಲ್ಲಿ ನನ್ನ ಆಲೂಗಡ್ಡೆ ಚಾಕು ಇತ್ತು. ಯಾವಾಗ ತೆಗೆದುಕೊಂಡಳೋ ಕಾಣೆ. ಕ್ಯಾಪ್ಟನ್ ಎಂಜಿನ್ ನಿಧಾನಮಾಡಿಸಿ ದೋಣಿ ಇಳಿಸಲು ಹೇಳಿದರು. ಎಂಜಿನ್ನಿನವನು ಹುಟ್ಟು ಹಾಕಿದ. ಚಾಕು ನನ್ನದಾದ್ದರಿಂದ ನಾನೂ ಹತ್ತಿದೆ.

ದಡ ಹತ್ತಿದವಳೇ ಓಡಿದಳು. ಮೊಣಕಾಲು ನೋವೆಂದು ವರ್ಷವಿಡೀ ಎಣ್ಣೆ ತಿಕ್ಕಿಸಿಕೊಳ್ಳುವವಳು ಬಂಡೆಯಿಂದ ಬಂಡೆಗೆ ಆಡಿನ ಹಾಗೆ ನೆಗೆದಳು. ಸ್ತಂಭದ ಬಾಗಿಲು ತೆರೆದಿತ್ತು. ಹಾಸಿಗೆ ಮಡಚಿಟ್ಟಿತ್ತು, ಸ್ಟವ್ ತಣ್ಣಗಿತ್ತು, ಮೇಜಿನ ಮೇಲೆ ಚಹಾಪುಡಿ ಹಾಕಿಟ್ಟ ಖಾಲಿ ಲೋಟ. ಅವಳು ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಕೂಗಿದಳು. ಅವಳ ಕೂಗೇ ಮರಳಿ ಬಂತು. ಮಾತಿಲ್ಲದೆ ಅವಳ ತುಟಿ ಅಲ್ಲಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ರೀ, ಎಲ್ಲಿದ್ದೀರಿ?”

ಹಿತ್ತಿಲ ಕಡೆಯಿಂದ ಗಂಟಲು ಕಟ್ಟಿದ ದನಿ ಬಂತು. “ಇಲ್ಲಿದ್ದೀನಿ.”

“ಇಲ್ಲಿ ಅಂದ್ರೆ?”

“ಇಲ್ಲಿ ಅಂದ್ರೆ ಇಲ್ಲಿ. ಬಾಗಿಲು ತೆಗಿ.”

ಹಿತ್ತಿಲಲ್ಲಿ ಕಲ್ಲುಗೋಡೆಗೆ ಎದುರಾಗಿ ಪಾಯಖಾನೆ ಇತ್ತು. ಮರದ ಬಾಗಿಲು, ಹೊರಕ್ಕೆ ತೆರೆಯುವಂಥದ್ದು. ಬಿರುಗಾಳಿಗೆ ಉರುಳಿ ಬಂದ ಡೀಸೆಲ್ ಡ್ರಮ್ಮೊಂದು ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡು, ಬೆಣೆ ಹೊಡೆದ ಹಾಗೆ ಕೂತಿತ್ತು. ದೊಡ್ಡಪ್ಪ ಗಾಳಿ ಇನ್ನೂ ನಿಲ್ಲದಿದ್ದಾಗ ಬೆಳಗಿನ ಜಾವವೇ ಎದ್ದವರು, ಸ್ಟವ್ ಹಚ್ಚುವುದಕ್ಕೂ ಮುಂಚೆ ಒಳಗೆ ಹೋಗಿದ್ದಾರೆ, ಆಮೇಲೆ ಹೊರಗೆ ಬರಲಾಗಿಲ್ಲ. ಹಡಗು ಬಂದದ್ದು ಕೇಳಿಸಿತು, ಸಹಾಯಕ್ಕೆ ಕೂಗಿದರು, ಆದರೆ ಅವರ ಕಾಲುಚೀಲದ ಕಥೆ ಸ್ಪೀಕರಿನಲ್ಲಿ ನಡೆಯುತ್ತಿದ್ದಾಗ ಅವರ ಕೂಗು ಯಾರಿಗೆ ಕೇಳೀತು?

ನಾನು ಡ್ರಮ್ಮನ್ನು ತಳ್ಳಲು ಹೋದೆ. ದೊಡ್ಡಮ್ಮ ಕೈಯೆತ್ತಿ ತಡೆದಳು. ಮುಖಕ್ಕೆ ರಕ್ತ ಮರಳಿತ್ತು, ಕಣ್ಣಲ್ಲಿ ಕಾವಲಿಲ್ಲದ ಹಾಲು ಕಂಡ ಬೆಕ್ಕಿನ ಮಿಂಚು. ಡ್ರಮ್ಮನ್ನು ಒರೆಸಿ, ಅದರ ಮೇಲೆ ಕೂತಳು.

“ನೀವು ಎದ್ದು ಹೋಗದೆ ನನ್ನ ಮಾತು ಕೇಳೋ ಜಾಗ ಇವತ್ತು ಸಿಕ್ಕಿದೆ. ಸ್ವಲ್ಪ ಕೂತ್ಕೊಳ್ಳಿ,” ಎಂದಳು.

“ಬೆಳಗ್ಗಿಂದ ಕೂತೇ ಇದ್ದೀನಲ್ಲೇ.”

ಎಂಜಿನ್ನಿನವನು ನಗು ತಡೆಯಲಾಗದೆ ಆಡುಗಳಿಗೆ ಹುಲ್ಲು ಹಾಕಲು ಹೊರಟುಹೋದ. ನಾನು ಹೋಗಲಿಲ್ಲ. ನಾನೂ ಅದೇ ಮನೆತನದವಳು.

ದೊಡ್ಡಮ್ಮ ಮೊದಲು ಒಂದಿಷ್ಟು ಬಯ್ದಳು. ಸತ್ತೇಹೋದರು ಅಂದುಕೊಂಡೆ ಎಂದಳು. ಒಳಗಿನಿಂದ ಹೂಂ ಎಂಬ ಸದ್ದು ಬಂತು. ಆಮೇಲೆ ಅವಳ ದನಿ ತಗ್ಗಿತು.

“ಒಂದೇ ಒಂದು ಹೇಳಿ. ನಾನು ಜಾಸ್ತಿ ಮಾತಾಡ್ತೀನಿ ಅಂತ ತಾನೆ ನೀವು ಇಲ್ಲಿಗೆ ಬಂದಿದ್ದು?”

“ಅಲ್ಲ.”

“ಮತ್ತೆ?”

“ನಿನ್ನ ಮಾತು ನಂಗೆ ಇಷ್ಟಾನೇ. ಅದನ್ನ ಕೇಳ್ತಾ ಮಲಗಿದ್ರೆ ಒಳ್ಳೆ ನಿದ್ದೆ ಬರ್ತಿತ್ತು. ಡ್ರಮ್ಮು ಸರಿಸು.”

“ಹೇಳಿದ್ರೆ ಸರಿಸ್ತೀನಿ.”

ಕೊಟ್ಟಿಗೆಯಲ್ಲಿ ಒಂದು ಆಡು ಸೀನಿತು.

“ನಿನ್ನ ತಂಗಿ ಮದುವೇಲಿ, ನಾನು ಸ್ನಾನ ಮಾಡ್ತಾ ಹೇಗೆ ಹಾಡ್ತೀನಿ ಅಂತ ಆಡಿ ತೋರಿಸ್ದೆ. ಬಕೆಟ್ ಹಿಡ್ಕೊಂಡು. ಎಲ್ರ ಮುಂದೆ.”

ಆ ತಂಗಿ ನನ್ನ ಅಮ್ಮ. ಆ ಬಕೆಟ್ಟಿನ ಪ್ರಹಸನವನ್ನು ನಮ್ಮ ಮನೆಯಲ್ಲಿ ಈಗಲೂ ನೆನೆದು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಅಪ್ಪನಿಗೆ ತನ್ನ ಮದುವೆಯಲ್ಲಿ ನೆನಪಿರುವುದು ಅದೊಂದೇ.

“ಎಲ್ರೂ ನಕ್ಕಿದ್ರು,” ಎಂದಳು ದೊಡ್ಡಮ್ಮ.

“ಚೆನ್ನಾಗೇ ಮಾಡಿದ್ದೆ. ನಾನೂ ನಕ್ಕೆ. ಆಮೇಲೆ ಮನೇಲಿ ಹಾಡೋಣ ಅಂತ ಬಾಯಿ ತೆಗೆದ್ರೆ ಆ ನಗೂನೇ ಕೇಳ್ಸೋದು. ಆಗ್ಲಿಲ್ಲ. ಇಲ್ಲಿ ಯಾರೂ ಇಲ್ವಲ್ಲ ಅಂತ ಬಂದೆ.”

ಅದು ಗಂಡನಿಗೆ ನಾಟಿತ್ತೆಂದು ದೊಡ್ಡಮ್ಮನಿಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಅಷ್ಟು ಜನರ ವಿಷಯ ಆಡಿದವಳಿಗೆ ಯಾವುದು ಯಾರಿಗೆ ನಾಟಿತೆಂದು ಹೇಗೆ ಗೊತ್ತಾದೀತು?

“ಒಂದು ಸಲ ನಂಗೆ ಹೇಳ್ಬಹುದಿತ್ತು,” ಎಂದಳು ಕೊನೆಗೆ.

“ಹೇಳೋಕೆ ಸಂದು ಎಲ್ಲಿ ಬಿಟ್ಟೆ ನೀನು?”

ಅವಳು ಫಕ್ಕನೆ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು, ಮೂಗನ್ನು ತೋಳಿನಿಂದ ಒರೆಸಿಕೊಂಡು ಎದ್ದಳು. ನಾವಿಬ್ಬರೂ ಸೇರಿ ಡ್ರಮ್ಮನ್ನು ಅಲ್ಲಾಡಿಸಿ ಎಳೆದೆವು. ದೊಡ್ಡಪ್ಪ ಹೊರಗೆ ಬಂದರು. ಕಾಲು ಜೋಮು ಹಿಡಿದು, ಗೋಡೆ ಹಿಡಿದುಕೊಂಡು, ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ನಿಂತರು. ವರ್ಷಗಟ್ಟಲೆ ಬೆನ್ನನ್ನೇ ನೋಡಿದ್ದ ನನಗೆ ಅವರ ಮುಖದಲ್ಲಿ ಅಷ್ಟು ಬಿಳಿ ಗಡ್ಡವಿದ್ದದ್ದು ಗೊತ್ತೇ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಏನಾದರೂ ದೊಡ್ಡ ಮಾತು ಬರಬಹುದೆಂದು ನಾನು ಕಾದೆ.

“ಮೊದ್ಲು ಹೋಗಿ ಸ್ನಾನ ಮಾಡಿ,” ಎಂದಳು ದೊಡ್ಡಮ್ಮ.

ಅವರು ಬಾವಿಯಿಂದ ನೀರು ಸೇದಿಕೊಂಡು ತಟ್ಟಿಯ ಹಿಂದೆ ಹೋದರು. ಅವಳು ಸ್ಟವ್ ಹಚ್ಚಿ ಚಹಾಕ್ಕಿಟ್ಟು, ಕಿಟಕಿಯ ಹತ್ತಿರ ಬಂದು ಕೂತಳು. ತಲೆಯನ್ನು ಒಂದು ಬದಿಗೆ ವಾಲಿಸಿಕೊಂಡಿದ್ದಳು. ಚೊಂಬಿನಿಂದ ನೀರು ಸುರಿಯುವ ಸದ್ದು ಬಂತು, ತಣ್ಣೀರು ಬಿದ್ದಾಗ ಹಾ ಹಾ ಎಂಬ ಉಸಿರು ಬಂತು. ಮತ್ತೇನೂ ಇಲ್ಲ. ಅವಳು ಚಹಾ ಉಕ್ಕುವವರೆಗೆ ಹಾಗೆಯೇ ಕೂತಿದ್ದಳು.

ಬಂಡೆಗಳನ್ನು ದಾಟಿ ಕಾದು ನಿಂತಿದ್ದ ಹಡಗಿಗೆ ನಾವು ಮರಳಿದಾಗ ಪ್ರವಾಸಿಗಳೆಲ್ಲ ಕಂಬಿಯ ಹತ್ತಿರವೇ ಇದ್ದರು. ಬದುಕಿದ್ದಾರಾ ಎಂದು ಒಬ್ಬರು, ಜಗಳವಾಯಿತಾ ಎಂದು ಇನ್ನೊಬ್ಬರು. ಮೈಕ್ ಕುರ್ಚಿಯ ಮೇಲೆ ಕಾದಿತ್ತು. ಬಾಳಿನಲ್ಲಿ ಒಮ್ಮೆ ಮಾತ್ರ ಸಿಗುವಂಥ ಸಂಗತಿ ಅವಳ ಕೈಯಲ್ಲಿತ್ತು. ಗಂಡ ಪಾಯಖಾನೆಯಲ್ಲಿ, ಹೆಂಡತಿ ಡ್ರಮ್ಮಿನ ಮೇಲೆ. ಆ ಕಥೆಯೊಂದೇ ಬಾತುಕೋಳಿಯನ್ನು ಹತ್ತು ಬೇಸಿಗೆ ತುಂಬಿಸುತ್ತಿತ್ತು. ಅವಳು ಮೈಕ್ ಎತ್ತಿ, ಬಾಗಿಲಿಗೆ ಏನೋ ಅಡ್ಡ ಬಿದ್ದಿತ್ತು, ತೆಗೆದಾಯಿತು, ಊಟ ತಣ್ಣಗಾಗುತ್ತಿದೆ ಎಂದು ಹೇಳಿ ಕೆಳಗಿಟ್ಟಳು. ಕ್ಯಾಪ್ಟನ್ ಬಂದು ಮೈಕಿನ ವೈರು ಸರಿಯಿದೆಯೇ ಎಂದು ಎಳೆದು ನೋಡಿದರು.

ಮುಂದಿನ ಪ್ರವಾಸದಿಂದ ದ್ವೀಪ ಕಂಡೊಡನೆ ಅವಳು ಮೈಕ್ ಆರಿಸತೊಡಗಿದಳು. ದೂರುಗಳು ಬಂದವು. ಮಾಲೀಕರೇ ಒಮ್ಮೆ ಹಡಗು ಹತ್ತಿ, ಜನ ಬರುವುದೇ ಅದಕ್ಕೆ, ಒಂದು ರಾಶಿ ಪೋಸ್ಟ್‌ಕಾರ್ಡು ಬಿದ್ದಿದೆ, ಅದನ್ನೇನು ಮಾಡಲಿ ಎಂದು ಕೇಳಿದರು. ಹಿಂಬದಿಯಲ್ಲಿ ಜಾಗ ಇದೆಯಲ್ಲ, ನನ್ನ ಜಾಗಕ್ಕೆ ಬೇರೆಯವರನ್ನು ಕರೆಯಲು ಪತ್ರ ಬರೆಯಿರಿ ಎಂದಳು ದೊಡ್ಡಮ್ಮ. ಮಾಲೀಕರು ಮೆತ್ತಗಾದರು. ಕೊನೆಗೆ ಅವಳೇ ದಾರಿ ಹುಡುಕಿದಳು. ಇನ್ನೊಂದು ದ್ವೀಪದ ತುದಿಯಲ್ಲಿ ಹೊಟ್ಟೆ ಮುಂದೆ ಚಾಚಿದ ಗಂಡಸಿನ ಹಾಗಿರುವ ಬಂಡೆಯೊಂದಿತ್ತು. ಅದು ತನ್ನ ಮೊದಲ ಗಂಡ ಎಂದು ಹೇಳತೊಡಗಿದಳು. ಸೋಮಾರಿತನದಿಂದ ಕೂತಲ್ಲೇ ಕಲ್ಲಾದ, ಮೈಮೇಲೆ ಹಕ್ಕಿ ಹೇತರೂ ಏಳಲಿಲ್ಲ ಎಂದು ಶುರುವಾಗಿ, ಬಂಡೆಯ ಕುಡಿತ, ಜೂಜು, ಪಕ್ಕದ ಬಂಡೆಯ ಜೊತೆಗಿನ ಸಂಬಂಧ, ಎಲ್ಲ ಹೊರಬಂತು. ಜನ ಬಂಡೆಯ ಫೋಟೋ ತೆಗೆದುಕೊಂಡು ಹೋದರು. ಒಬ್ಬಾಕೆ ಇಳಿಯುವಾಗ ದೊಡ್ಡಮ್ಮನ ಕೈ ಹಿಡಿದು, ನೀವು ಬಿಟ್ಟದ್ದು ಒಳ್ಳೆಯದಾಯಿತು ಎಂದು ಸಂತೈಸಿದಳು.

ತಮಾಷೆಯೆಂದರೆ, ಬೈಗುಳ ನಿಂತದ್ದು ದೊಡ್ಡಪ್ಪನಿಗೆ ಒಗ್ಗಲಿಲ್ಲ. ಹಡಗು ಎರಡು ಸಲ ತೆಪ್ಪಗೆ ದಾಟಿಹೋಯಿತು. ಮೂರನೆಯ ಸಲ ಅವರು ಕಟಾಂಜನದಲ್ಲಿ ನಮ್ಮ ಕಡೆಗೆ ಮುಖ ಮಾಡಿಯೇ ನಿಂತಿದ್ದರು. ಸ್ಪೀಕರಿನಿಂದ ಏನೂ ಬಾರದಿದ್ದಾಗ ಒಳಗೆ ಹೋಗಿ ತಾವೇ ಕಹಳೆ ಊದಿದರು, ಸಣ್ಣಗೆ ಒಮ್ಮೆ. ದೊಡ್ಡಮ್ಮ ಮೈಕ್ ಮುಟ್ಟಲಿಲ್ಲ. ಕಂಬಿ ಹಿಡಿದು ಬಗ್ಗಿ, ಶನಿವಾರ ಸಾಮಾನಿನ ದೋಣೀಲಿ ಬರ್ತೀನಿ ಎಂದು ಬರಿಗಂಟಲಲ್ಲಿ ಕೂಗಿದಳು. ಅವಳಿಗೆ ಮೈಕ್ ಯಾಕೆ ಕೊಟ್ಟಿದ್ದರೋ ಎಂದು ನನಗೆ ಆಗ ಅನ್ನಿಸಿತು.

ಆಮೇಲೆ ಅವಳು ಎರಡು ಪ್ರವಾಸಗಳ ನಡುವೆ ದ್ವೀಪಕ್ಕೆ ಹೋಗಿ ಇದ್ದು ಬರುವುದು ಆರಂಭವಾಯಿತು. ಮಳೆಗಾಲದಲ್ಲಿ ಅವರು ಬಂದರೆ ನಲ್ಲಿ ಸರಿಯಾದ ಮೇಲೂ ಕೆಲವು ವಾರ ಉಳಿಯುತ್ತಿದ್ದರು. ಭಾವ ಈಗ ಹಾಡ್ತಾರಾ ಎಂದು ಅಮ್ಮ ಒಮ್ಮೆ ಕೇಳಿದಳು. ಊರ ಮೇಲಿನ ಸುದ್ದಿಯೆಲ್ಲ ಹೇಳಿ ಮುಗಿಸಿ ಕೂತಿದ್ದ ದೊಡ್ಡಮ್ಮ, “ಅದು ನಿನಗ್ಯಾಕೆ?” ಎಂದು ಎದ್ದು ಹೋದಳು. ಅಮ್ಮ ನನ್ನ ಮುಖ ನೋಡಿದಳು. ನಾನು ಆಲೂಗಡ್ಡೆ ನೋಡಿಕೊಂಡೆ.

ಮೊಣಕಾಲು ನಿಜವಾಗಿಯೂ ಕೈಕೊಟ್ಟ ಮೇಲೆ ಅವಳು ಹಡಗು ಬಿಟ್ಟು ದ್ವೀಪದಲ್ಲೇ ನೆಲೆಸಿದಳು. ಒಂದು ಬೇಸಿಗೆ ನಾನು ಮೈಕ್ ಹಿಡಿದೆ. ಸುಳ್ಳು ಹೊಳೆಯದೆ ಸತ್ಯವನ್ನೇ ಹೇಳಿ ಹೇಳಿ, ಇಸ್ತ್ರಿ ಮಲಗಿಸಿದ್ದಕ್ಕಿಂತ ಹೆಚ್ಚು ಜನರನ್ನು ಮಲಗಿಸಿದೆ. ಮರುವರ್ಷ ಅಡುಗೆಕೋಣೆಗೆ ವಾಪಸಾದೆ. ಅಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಹೋದ ತಿಂಗಳು ಸಾಮಾನಿನ ದೋಣಿಯಲ್ಲಿ ಈರುಳ್ಳಿ, ಸೋಪು, ಕನ್ನಡಕದ ಹೊಸ ಗಾಜು ತೆಗೆದುಕೊಂಡು ದ್ವೀಪಕ್ಕೆ ಹೋಗಿದ್ದೆ. ಗಂಡಹೆಂಡಿರು ಮಾತು ಬಿಟ್ಟಿದ್ದರು. ಕೋಳಿಗೂಡಿನ ಬಾಗಿಲು ಯಾರು ತೆರೆದಿಟ್ಟದ್ದು ಎಂಬುದು ವ್ಯಾಜ್ಯ. ಎರಡು ಕೋಳಿಗಳನ್ನು ಹದ್ದು ಒಯ್ದಿತ್ತು. ಒಂದೇ ಮೇಜಿನ ಎರಡು ಕಡೆ ಕೂತು ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು. ಮರೆವು ಯಾರಿಗೆ ಜಾಸ್ತಿ ಅಂತ ನಿನ್ನ ದೊಡ್ಡಮ್ಮನನ್ನು ಕೇಳು ಎಂದರು ದೊಡ್ಡಪ್ಪ. ನಾಲ್ಕು ಮಾತಿಗೆ ಎಂಟು ಮಾತು ಜೋಡಿಸುವುದನ್ನು ಅವರೂ ಕಲಿತಿದ್ದರು. ಗೂಡಿನ ಚಿಲಕ ಸಡಿಲವಾಗಿ ವಾರವಾಯಿತು, ಸರಿಮಾಡುವವರಿಗೆ ಪುರುಸೊತ್ತಿಲ್ಲ ಅಂತ ನಿನ್ನ ದೊಡ್ಡಪ್ಪನಿಗೆ ಹೇಳು ಎಂದಳು ಅವಳು. ನಾನು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಸಾಗಿಸುತ್ತ ಮೀನು, ರೊಟ್ಟಿ ತಿಂದೆ. ಹೊರಡುವ ಹೊತ್ತಿಗೆ ದೊಡ್ಡಪ್ಪ ಸುತ್ತಿಗೆ ಹುಡುಕುತ್ತಿದ್ದರು, ದೊಡ್ಡಮ್ಮ ಅದರ ಮೇಲೆಯೇ ಕೂತಿದ್ದಳು. ದೋಣಿಯವನು ಅವಸರ ಮಾಡಿದ್ದರಿಂದ ಚಿಲಕದ ಗತಿ ಏನಾಯಿತೆಂದು ನನಗೆ ತಿಳಿಯಲಿಲ್ಲ.